ಲೈನಿಗೆ ಹೋಗಿದ್ದಾನೆ

ತಮ್ಮ ತೀರಿಕೊಂಡ ಮೂರನೆಯ ದಿನ ಅವನ ಫೋನ್ ರಿಂಗಾಯಿತು. ಜಗಲಿಯಲ್ಲಿ ಸಂಬಂಧಿಕರು ಕುಳಿತಿದ್ದರು. ನಾನು ಒಳಗೆ ಹೋಗಿ ಎತ್ತಿದೆ. ಆ ಕಡೆ ವಯಸ್ಸಾದ ಒಬ್ಬ ಹೆಂಗಸಿನ ದನಿ.

“ಎಂತ ಮಗಾ, ಮಲಗಿದ್ದೀಯಾ? ನಲ್ಲಿಯಲ್ಲಿ ಬರೀ ಗಾಳಿ. ಗಾಳಿ ಕುಡಿಯುವುದಾ ನಾವು?”

ಅವನು ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. “ಲೈನಿಗೆ ಹೋಗಿದ್ದಾನೆ. ಬಂದ ಮೇಲೆ ಹೇಳುತ್ತೇನೆ.”

ಅವನು ಬದುಕಿದ್ದಾಗಲೂ ನಾನು ಹೇಳುತ್ತಿದ್ದದ್ದು ಅದನ್ನೇ.

ತಮ್ಮನ ಕೆಲಸ ನೀರು ಬಿಡುವುದು. ವಿದ್ಯಾನಗರದ ಆಚೆಯ ಗುಡ್ಡೆಗಳಿಗೆ ಹೋಗುವ ಪೈಪ್ ಲೈನಿನ ವಾಲ್ವ್ ತೆರೆದು, ಹೊತ್ತು ನೋಡಿ ಮುಚ್ಚುವುದು. ಹೊಳೆಯ ನೀರನ್ನು ಶುದ್ಧ ಮಾಡುವ ನಮ್ಮ ಘಟಕವನ್ನು ಕಟ್ಟಿದ್ದು ಪೇಟೆ ಸಣ್ಣದಿದ್ದ ಕಾಲದಲ್ಲಿ. ಎಲ್ಲರಿಗೂ ಒಟ್ಟಿಗೆ ಕೊಡುವಷ್ಟು ನೀರು ಅಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ಇವತ್ತು ಈ ಕಡೆಗೆ, ನಾಳೆ ಆ ಕಡೆಗೆ. ಎತ್ತರದ ಮನೆಗಳಿಗೆ ನೀರು ಏರುವ ಹೊತ್ತಿಗೆ ಸರದಿ ಮುಗಿದಿರುತ್ತಿತ್ತು. ಅಂಥವರು ತಮ್ಮನಿಗೆ ಫೋನ್ ಮಾಡುತ್ತಿದ್ದರು. ಅವನು ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಇನ್ನೊಂದು ಕಾಲು ಗಂಟೆ ಬಿಟ್ಟು ಬರುತ್ತಿದ್ದ.

ಎದೆನೋವು ಎಂದವನನ್ನು ಮಂಗಳೂರಿಗೆ ಕರೆದೊಯ್ಯುವಾಗ ತಲಪಾಡಿಯ ಗಡಿ ದಾಟುವ ಮೊದಲೇ ಮುಗಿದಿತ್ತು. ದಾರಿಯಲ್ಲಿ ಎರಡು ಸಲ ಅವನ ಕಿಸೆಯಲ್ಲಿ ಫೋನ್ ಕೂಗಿತ್ತು.

ಆಮೇಲೆ ಅದು ನನ್ನ ಹೊಲಿಗೆ ಮಿಷನ್ನಿನ ಪಕ್ಕಕ್ಕೆ ಬಂತು. ಯಾರಾದರೂ ಕರೆದರೆ ಲೈನಿಗೆ ಹೋಗಿದ್ದಾನೆ ಎನ್ನುತ್ತಿದ್ದೆ, ಕೂಡಲೇ ಅವನ ಜಾಗಕ್ಕೆ ಬಂದವನಿಗೆ ತಿಳಿಸುತ್ತಿದ್ದೆ. ತಮ್ಮ ಫೋನಿನಲ್ಲಿ ಯಾರ ಹೆಸರನ್ನೂ ಬರೆದುಕೊಂಡಿರಲಿಲ್ಲ, ಮನೆಯ ಗುರುತು ಮಾತ್ರ. ಗುಡ್ಡೆ ತುದಿ, ಮಸೀದಿ ಹಿಂದೆ, ಹಲಸಿನ ಮರ, ಕಡೇ ನಲ್ಲಿ, ಹೀಗೆ. ಹಲಸಿನ ಮರ ಬೈಯುತ್ತಿತ್ತು. ಕಡೇ ನಲ್ಲಿ ನಾಚುತ್ತಾ ಮಾತಾಡುತ್ತಿತ್ತು. ಅವರೆಲ್ಲರೂ ಅವನನ್ನು ಕೇಳುತ್ತಿದ್ದರು. ಹಾಗೆ ಕೇಳುವವರು ಇರುವವರೆಗೆ ಅವನು ಎಲ್ಲೋ ಒಂದು ಏರಿನ ಬುಡದಲ್ಲಿ, ಹೊಂಡಕ್ಕೆ ಬಗ್ಗಿ ವಾಲ್ವ್ ತಿರುಗಿಸುತ್ತಿದ್ದಾನೆ ಎಂದು ನನಗೂ ಅನ್ನಿಸುತ್ತಿತ್ತು. ಒಂದೆರಡು ದಿನ ಫೋನ್ ಬಾರದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಬೇಸಗೆ ಕಾಲಿಡುವಾಗ ನಮ್ಮ ವಾರ್ಡಿನ ಮೆಂಬರ್ ಮನೆಗೆ ಬಂದಳು. ನನಗಿಂತ ಸಣ್ಣವಳು.

“ಅಕ್ಕಾ, ಘಟಕ ದೊಡ್ಡದು ಮಾಡಲಿಕ್ಕೆ ಹಣ ಕೇಳಿದ್ದೆವಲ್ಲ, ಫೈಲು ಮೇಲಿನಿಂದ ವಾಪಸ್ ಬಂತು. ನಿಮ್ಮಲ್ಲಿ ನೀರಿಲ್ಲ ಎಂದು ದೂರು ಎಲ್ಲಿ ಉಂಟು, ತೋರಿಸಿ ಅಂತ ಬರೆದಿದ್ದಾರೆ. ರಿಜಿಸ್ಟರ್ ತೆಗೆದು ನೋಡಿದರೆ ದೂರೇ ಇಲ್ಲ.”

“ಇಲ್ಲದಿರುವುದು ಹೇಗೆ?”

“ಯಾರು ಬರೆಯುತ್ತಾರೆ? ಎಲ್ಲ ನಿಮ್ಮ ತಮ್ಮನಿಗೆ ಫೋನ್ ಮಾಡುತ್ತಿದ್ದರು, ಅವ ಓಡುತ್ತಿದ್ದ. ಕಾಗದದಲ್ಲಿ ನಮ್ಮ ಊರಲ್ಲಿ ಯಾರಿಗೂ ನೀರು ಕಡಿಮೆ ಆದದ್ದೇ ಇಲ್ಲ.” ಅವಳು ಸ್ವಲ್ಪ ತಡೆದು ಹೇಳಿದಳು, “ಅವನ ಫೋನಿನಲ್ಲಿ ಆ ನಂಬರುಗಳು ಉಂಟಲ್ಲ? ಕೊಟ್ಟರೆ ಆ ಮನೆಗಳಿಂದ ದೂರು ಬರೆಸಬಹುದಿತ್ತು.”

“ಫೋನ್ ಹಾಳಾಗಿದೆ” ಎಂದೆ. ಅದು ಮಿಷನ್ನಿನ ಪಕ್ಕದಲ್ಲೇ ಇತ್ತು, ಮೇಲೆ ಒಂದು ರವಿಕೆ ಬಟ್ಟೆ.

ದೂರು ಬರೆಸಿದರೆ ಅವನು ಸತ್ತದ್ದು ಅವರಿಗೆ ಗೊತ್ತಾಗುತ್ತದೆ. ಘಟಕ ದೊಡ್ಡದಾದರೆ ಎಲ್ಲರಿಗೂ ಎಲ್ಲ ಹೊತ್ತೂ ನೀರು, ಯಾರೂ ಫೋನ್ ಮಾಡುವುದಿಲ್ಲ. ಆ ಹಣ ಬಾರದಿರಲಿ ಎಂದು ನಾನು ಕೆಲವು ದಿನ ಬಯಸಿದ್ದು ಸತ್ಯ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಬಿಸಿಲು ಏರಿದಂತೆ ಗುಡ್ಡೆ ತುದಿ ದಿನಕ್ಕೆ ಮೂರು ಸಲ ಕರೆಯತೊಡಗಿತು. ಮೊದಲ ದಿನ ಮಾತಾಡಿದ ಅದೇ ಅಮ್ಮ. ಹೊಸಬನಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವನೂ ಎಷ್ಟು ಕಡೆ ಓಡುತ್ತಾನೆ? ಒಂದು ದಿನ ಆಕೆ ಬೈಯಲಿಲ್ಲ. “ಸೊಸೆ ಕೆಳಗಿನಿಂದ ಕೊಡ ಹೊತ್ತು ಬರುವಾಗ ಬಿದ್ದಳು. ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಅವನಿಗೆ ಹೇಳು, ಈ ಮುದುಕಿಯ ಮೇಲೆ ಕೋಪ ಉಂಟಾ ಅಂತ ಕೇಳು.”

ಆ ಮಧ್ಯಾಹ್ನವೇ ಮೆಂಬರ್ ಮನೆಗೆ ಹೋಗಿ ದೂರಿನ ಫಾರಂಗಳನ್ನು ತಂದೆ. ಮರುದಿನ ಬೆಳಿಗ್ಗೆ ಗುಡ್ಡೆ ಹತ್ತಿ ಆ ಅಮ್ಮನ ಮನೆಗೆ ಹೋದೆ.

ಮೆಂಬರ್ ಕಳಿಸಿದ್ದು, ನೀರಿನ ದೂರು ಬರೆಯಲಿಕ್ಕೆ ಬಂದೆ ಎಂದೆ. ಉಳಿದದ್ದನ್ನು ಹೇಗೆ ಹೇಳುವುದೆಂದು ಹುಡುಕುತ್ತಾ ಪೆನ್ ತೆಗೆದೆ. ಆಕೆ ನಕ್ಕಳು.

“ಬರೆದು ಎಂತ ಮಾಡುವುದು ಮಾರಾಯ್ತಿ? ನಮ್ಮ ಹುಡುಗ ಒಬ್ಬ ಇದ್ದಾನೆ, ಒಂದು ಫೋನ್ ಸಾಕು. ಈಗ ಸ್ವಲ್ಪ ಸೊಕ್ಕು ಬಂದಿದೆ. ನಿಲ್ಲು, ನಿನ್ನೆದುರೇ ಬೈಯುತ್ತೇನೆ.”

ಆಕೆ ಗುಂಡಿ ಒತ್ತಿದಳು. ನನ್ನ ಚೀಲದಲ್ಲಿ ಫೋನ್ ಕೂಗಿತು.

ಆಕೆ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಕಿವಿಗೆ ಹಿಡಿದ ಫೋನ್ ಇಳಿಸಲಿಲ್ಲ.

“ಅವನ ಫೋನ್ ನಿನ್ನ ಹತ್ತಿರ ಎಂತಕ್ಕೆ?”

“ನಾನು ಅವನ ಅಕ್ಕ.”

“ಅವನು?”

“ಹೋದ.”

“ಲೈನಿಗಾ?”

“ಅಲ್ಲಮ್ಮ.”

ರಿಂಗ್ ತಾನಾಗಿ ನಿಂತಿತು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು, ಕೈ ಕುತ್ತಿಗೆಗೆ ಕಟ್ಟಿಕೊಂಡು. ಅಮ್ಮ ಕೇಳಿದಳು, ಯಾವಾಗ. ಹೇಳಿದೆ. ಅಷ್ಟು ತಿಂಗಳು ತಾನು ಬೈದದ್ದು ಯಾರಿಗೆ ಎಂದು ಕೇಳಿದಳು. “ನನಗೆ” ಎಂದೆ. ಆಕೆ ಕಿವಿಯಿಂದ ಫೋನ್ ಇಳಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು “ಬರೆ” ಎಂದಳು.

ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಈ ಮೊದಲು ಯಾರಿಗೆ ತಿಳಿಸಿದ್ದೀರಿ? ‘ನೀರು ಬಿಡುವವನಿಗೆ. ಅವನು ಈಗ ಇಲ್ಲ’ ಎಂದು ಬರೆದೆ. ನಾನು ಕೈಯಾರೆ ಹಾಗೆ ಬರೆದದ್ದು ಅದೇ ಮೊದಲು. ಆಕೆ ಹೆಬ್ಬೆಟ್ಟು ಒತ್ತಿದಳು.

ಉಳಿದ ಎಲ್ಲ ಮನೆಗಳಿಗೂ ಹೋದೆ. ಪ್ರತಿ ಮನೆಯಲ್ಲೂ ಅವನು ಇನ್ನೊಂದು ಸಲ ಸತ್ತ.

ಕಾಗದಗಳೆಲ್ಲ ಫೈಲಿಗೆ ಸೇರಿ ಮೇಲೆ ಹೋದವು. ಹಣ ಮಂಜೂರಾಗಿದೆ ಎಂದು ಮೆಂಬರ್ ಓಡುತ್ತಾ ಬಂದು ಹೇಳಿದಳು. ಕೆಲಸ ಇನ್ನೂ ಶುರುವಾಗಿಲ್ಲ. ಈಗ ಮತ್ತೊಂದು ಬೇಸಗೆ. ಗುಡ್ಡೆಯ ಮೇಲೆ ನೀರು ಹಾಗೆಯೇ ಕಡಿಮೆ, ಆದರೆ ಫೋನ್ ಕೂಗುವುದಿಲ್ಲ. ಎಲ್ಲರಿಗೂ ಗೊತ್ತಾಗಿದೆ.

ಮೊನ್ನೆ ಹೊಲಿಯುತ್ತಿದ್ದಾಗ ಒಂದೇ ಒಂದು ಸಲ ರಿಂಗಾಗಿ ನಿಂತಿತು. ನೋಡಿದರೆ ಗುಡ್ಡೆ ತುದಿ. ಅಮ್ಮ ಅಭ್ಯಾಸಬಲದಿಂದ ಒತ್ತಿ, ನೆನಪಾಗಿ ಕಟ್ ಮಾಡಿರಬೇಕು. ನಾನು ತಿರುಗಿ ಫೋನ್ ಮಾಡಲಿಲ್ಲ.