ಸಂಜೆ ಚಾರ್ಜು ಕೊಡುವ ಮನೆ

ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಆಗಾಗ ಒಂದು ಉಪದೇಶ ಕಳಿಸುತ್ತಿರುತ್ತಾರೆ. ದಿನಾ ಸಂಜೆ ಸ್ವಲ್ಪ ಹೊತ್ತು ಕೂತು ಇವತ್ತು ಏನು ಮಾಡಿದೆ, ಎಲ್ಲಿ ತಪ್ಪಿದೆ, ನಾಳೆಗೆ ಏನು ಉಳಿಯಿತು ಎಂದು ಯೋಚಿಸಿ, ಬದುಕೇ ಬದಲಾಗುತ್ತದೆ ಎಂದು. ಕೆಳಗೆ ಬೆಟ್ಟದ ಮೇಲೆ ಹುಟ್ಟುತ್ತಿರುವ ಸೂರ್ಯನ ಚಿತ್ರ. ಸಂಜೆಯ ಮಾತಿಗೆ ಬೆಳಗಿನ ಸೂರ್ಯ! ಮೊದಲಾದರೆ ನಾನೂ ಎರಡು ಕೈ ಮುಗಿದ ಚಿಹ್ನೆ ಹಾಕಿ ಸುಮ್ಮನಾಗುತ್ತಿದ್ದೆ. ಈಗ ಅದನ್ನು ಕಂಡರೆ ಮೈ ಉರಿಯುತ್ತದೆ. ಬದುಕು ಬದಲಾಗುತ್ತದೆ, ಸುಳ್ಳಲ್ಲ. ಪಕ್ಕದ ಮನೆಯಲ್ಲಿ ಬದಲಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಪಕ್ಕದ ಮನೆಯ ವಸಂತಕುಮಾರರಿಗೆ ಈ ಅಭ್ಯಾಸ ಬಂದದ್ದು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಿಂದ. ಮೂಲ್ಕಿ ಕಡೆಯವರು. ಸೋದರಮಾವನ ಹೋಟೆಲಿಗೆಂದು ಬಂದು, ಹೋಟೆಲು ಒಗ್ಗದೆ, ಬಣ್ಣದ ರಾಸಾಯನಿಕ ತಯಾರಿಸುವ ಕಂಪನಿ ಸೇರಿದವರು. ಅಂಥ ಕಡೆ ಹಗಲು ರಾತ್ರಿ ಯಂತ್ರ ನಿಲ್ಲುವಂತಿಲ್ಲ. ಒಂದು ಪಾಳಿಯವನು ಏಳಬೇಕಾದರೆ ಮುಂದಿನ ಪಾಳಿಯವನು ಬಂದು ನಿಂತಿರಬೇಕು. ಹೋಗುವವನು ಬರುವವನಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು: ಯಾವ ವಾಲ್ವ್ ಬಿಗಿಯಾಗಿದೆ, ಯಾವ ಪಂಪು ಸದ್ದು ಮಾಡುತ್ತಿದೆ, ತನ್ನಿಂದ ಏನು ತಪ್ಪಾಯಿತು, ಏನು ಬಾಕಿ ಉಳಿಯಿತು. ಇದಕ್ಕೆ ಅವರು ಚಾರ್ಜು ಕೊಡುವುದು ಎನ್ನುತ್ತಾರೆ. ಕೇಳಿಸಿಕೊಂಡವನು "ಮತ್ತೇನಾದರೂ ಇದೆಯಾ?" ಎಂದು ಕೇಳಬೇಕು, ಇಲ್ಲವೆಂದ ಮೇಲೆ "ಚಾರ್ಜು ತಗೊಂಡೆ" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಹಿಂದಿನವನು ಜಾಗ ಬಿಡುವಂತಿಲ್ಲ, ಮನೆಯಲ್ಲಿ ಮದುವೆಯೇ ಇದ್ದರೂ ಸರಿ.

ಮದುವೆಯಾದ ಹೊಸತರಲ್ಲಿ ವಸಂತಕುಮಾರರಿಗೆ ಮೂಗಿನ ತುದಿಯಲ್ಲೇ ಕೋಪವಂತೆ. ಕಂಪನಿಯ ಸಿಟ್ಟನ್ನು ಮನೆಗೆ ತಂದು ಊಟದ ತಟ್ಟೆಯ ಮೇಲೆ ತೀರಿಸುತ್ತಿದ್ದರಂತೆ. ಒಂದು ಸಂಜೆ ಹೆಂಡತಿ ಲೋಲಾಕ್ಷಿಯೇ, "ಅಲ್ಲಿ ಯಾರಿಗೋ ಎಲ್ಲ ಹೇಳಿ ಬರ್ತೀರಲ್ಲ, ಹಾಗೇ ನನಗೂ ಹೇಳಿ ಮಾರಾಯ್ರೆ. ತಟ್ಟೆ ಎಂತ ಮಾಡಿದೆ ನಿಮಗೆ?" ಎಂದಳಂತೆ. ಅಂದಿನಿಂದ ಶುರುವಾದದ್ದು. ದೇವರ ದೀಪ ಹಚ್ಚಿ, ಚಹಾ ಹಿಡಿದು ಇಬ್ಬರೂ ಬಾಲ್ಕನಿಗೆ, ಇಲ್ಲಿಯವರ ಬಾಯಲ್ಲಿ ಗ್ಯಾಲರಿಗೆ, ಬರುವರು. ಅವರು ಕುರ್ಚಿಯಲ್ಲಿ, ಅವಳು ಮಣೆಯ ಮೇಲೆ, ಮಡಿಲಲ್ಲಿ ಬಿಡಿಸಬೇಕಾದ ಸೊಪ್ಪು. ನಮ್ಮ ಗ್ಯಾಲರಿಗೂ ಅವರದಕ್ಕೂ ನಡುವೆ ಒಂದು ಕಬ್ಬಿಣದ ಜಾಲರಿ, ಅಷ್ಟೇ. ಕೇಳಬಾರದೆಂದರೂ ಕೇಳಿಸುತ್ತಿತ್ತು. ನಾನು ಮೈಸೂರಿನವಳು, ಅವರದು ಮನೆಯಲ್ಲಿ ತುಳು. ಆದರೂ ಕೇಳಿ ಕೇಳಿ ಅವರ ಮಾತು ಅರ್ಥವಾಗುತ್ತಿತ್ತು, ಕೊನೆಗೆ ಅವಳು ಕೇಳುತ್ತಿದ್ದ ಮಾತಂತೂ ನನಗೆ ಬಾಯಿಪಾಠವಾಗಿತ್ತು. "ಬೊಕ್ಕ ದಾಲ ಉಂಡಾ?" ಮತ್ತೇನಾದರೂ ಉಂಟಾ? "ದಾಲ ಇಜ್ಜಿ," ಏನಿಲ್ಲ ಎನ್ನುವರು ಅವರು. "ಸರಿ, ಚಾರ್ಜು ತಗೊಂಡೆ," ಎಂದು ನಗುತ್ತಾ ಅವಳು ಎದ್ದು ಹೋಗಿ ಕುಕ್ಕರ್ ಇಡುವಳು.

ಅಭ್ಯಾಸದಿಂದ ಅವರಿಗೆ ಒಳ್ಳೆಯದೇ ಆಯಿತು, ನಾನು ಇಲ್ಲವೆನ್ನುವುದಿಲ್ಲ. ಸಿಟ್ಟು ಇಳಿಯಿತು, ತಂಬಾಕು ಬಿಟ್ಟರು, ಬಾಯ್ಲರ್ ಪರೀಕ್ಷೆ ಕಟ್ಟಿ ಪಾಸಾದರು, ಶಿಫ್ಟ್ ಇನ್‌ಚಾರ್ಜ್ ಆದರು. ನಮ್ಮ ಯಜಮಾನರಿಗೆ ನಾನು ಅವರನ್ನು ತೋರಿಸಿ ತೋರಿಸಿ ಚುಚ್ಚಿದ್ದೂ ಉಂಟು. ಒಂದು ವರ್ಷ ಸೊಸೈಟಿಯ ಗಣಪತಿಯ ಮುಂದೆ ಈ ಅಭ್ಯಾಸದ ಬಗ್ಗೆ ಅವರ ಒಂದು ಸಣ್ಣ ಭಾಷಣವನ್ನೇ ಇಟ್ಟಿದ್ದೆವು. ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಪ್ರಸಾದ ಹಂಚುತ್ತಿದ್ದ ಲೋಲಾಕ್ಷಿಯನ್ನು ನಾನು, "ನೀನೂ ಹೀಗೆ ದಿನಾ ಹೇಳ್ತೀಯೇನೇ?" ಎಂದು ಕೇಳಿದೆ.

"ಅಯ್ಯೋ ಜಾನಕಿಯಕ್ಕ, ನನ್ನದೆಂತ ಉಂಟು ಹೇಳ್ಲಿಕ್ಕೆ? ನಾನು ಕೇಳುವವಳು," ಎಂದು ನಕ್ಕಳು. ನಾನೂ ನಕ್ಕೆ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಎಡಗೈ ಊದಿತು. ನೀರು ತುಂಬಿದ ಕೊಡ ಎತ್ತಲಾರದೆ ಬಾಗಿಲ ಹತ್ತಿರ ನಿಂತಿದ್ದವಳನ್ನು ಮಗಳು ಅನುಷ್ಕಾ ನೋಡಿ, ಮಹಾಪೆಯ ಆಫೀಸಿಗೆ ರಜೆ ಹಾಕಿ, ಆಸ್ಪತ್ರೆಗೆ ಕರೆದುಕೊಂಡು ಹೋದಳು. ವಸಂತಕುಮಾರರೂ ಹೋಗಿದ್ದರು. ಎದೆಯಲ್ಲಿ ಗಂಟು, ಕಂಕುಳಿಗೂ ಎಲುಬಿಗೂ ಹಬ್ಬಿತ್ತು. ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದಾಗ ಅವಳು ಗಂಡನ ಮುಖ ನೋಡದೆ, ಹೋದ ವರ್ಷದ ಗಣಪತಿಗಿಂತ ಮೊದಲಿನಿಂದ ಎಂದಳಂತೆ.

ಅಂದರೆ ಆ ಭಾಷಣದ ಸಂಜೆ, ಪ್ರಸಾದ ಹಂಚುತ್ತಾ ನಕ್ಕವಳಿಗೆ ಗಂಟು ಇತ್ತು.

ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ, ಅಲ್ಲೇ ಇದ್ದೆ. "ದಿನಾ ಸಂಜೆ ಎದುರೇ ಕೂತಿದ್ದೆಯಲ್ಲ ಲೋಲಾ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹೇಳುವ ಅಂತಲೇ ಇದ್ದೆ. ನಿಮ್ಮದೆಲ್ಲ ಮುಗಿಯುವಾಗ ಕುಕ್ಕರ್ ಇಡುವ ಹೊತ್ತಾಗ್ತಿತ್ತು," ಎಂದಳು.

ವಸಂತಕುಮಾರರು ಎದ್ದು ಗ್ಯಾಲರಿಗೆ ಹೋಗಿ ಜಾಲರಿ ಹಿಡಿದು ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗುತ್ತಿತ್ತು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ತನ್ನ ತಪ್ಪನ್ನು ದಿನಾ ಹುಡುಕಿ ತೆಗೆಯುತ್ತಿದ್ದ ಮನುಷ್ಯ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಚಿಕಿತ್ಸೆ ನಡೆಯಿತು, ಕೂದಲು ಹೋಯಿತು, ಗುಣವಾಗಲಿಲ್ಲ. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು ಡಾಕ್ಟರು. ವಸಂತಕುಮಾರರು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಮಂಚವನ್ನು ಗ್ಯಾಲರಿಯ ಬಾಗಿಲಿಗೆ ಎಳೆದು, ಸಂಜೆ ದೀಪ ಹಚ್ಚಿ, ತಾನು ಮಣೆಯ ಮೇಲೆ ಕೂತು, "ಇನ್ನು ನೀನು ಹೇಳು," ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೊದಮೊದಲು ಅವಳಿಗೆ ಹೇಳಲು ಬರಲೇ ಇಲ್ಲ. "ಎಂತ ಹೇಳುದು? ಮಲಗಿದ್ದೆ," ಎನ್ನುವಳು. ಅವರು ಬಿಡಲಿಲ್ಲ. "ಬೊಕ್ಕ ದಾಲ ಉಂಡಾ?" ಎಂದು ಕೇಳಿ ಕಾಯುತ್ತಿದ್ದರು. ಆಮೇಲೆ ನಿಧಾನವಾಗಿ ಒಂದೊಂದೇ ಬರತೊಡಗಿತು. ಇವತ್ತಿನದಲ್ಲ, ಹಳೆಯದು. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಮೊದಲಿನಿಂದಲೂ ಹೆದರಿಕೆಯಂತೆ, ಅದಕ್ಕೇ ಮೆಟ್ಟಿಲು ಹತ್ತುತ್ತಿದ್ದದ್ದಂತೆ. ನಾವೆಲ್ಲ ಅದು ವ್ಯಾಯಾಮ ಎಂದುಕೊಂಡಿದ್ದೆವು. ಅನುಷ್ಕಾ ಹುಟ್ಟುವ ಮೊದಲು ಹೋದ ಮಗುವಿಗೆ ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದಳಂತೆ. ಆ ಹೆಸರು ಹೇಳಿದಾಗ ಮಾತ್ರ ದನಿ ತಗ್ಗಿತು, ನನಗೆ ಕೇಳಿಸಲಿಲ್ಲ.

ಒಂದು ಸಂಜೆ ಸ್ಫೋಟದ ದಿನದ ಮಾತು ಬಂತು. ಕೆಲವು ವರ್ಷಗಳ ಹಿಂದೆ ಅವರ ಕಂಪನಿಯ ಹಿಂದಿನ ಗಲ್ಲಿಯ ಒಂದು ಕಾರ್ಖಾನೆಯಲ್ಲಿ ಸ್ಫೋಟವಾಗಿ ನಮ್ಮ ಕಿಟಕಿಗಳ ಗಾಜೂ ಉದುರಿತ್ತು. ಅಂದು ಅವರು ಮನೆಗೆ ಬಂದು, ಹೇಗೆ ಎಲ್ಲರನ್ನೂ ಹೊರಗೆ ಕಳಿಸಿದೆ, ಹೇಗೆ ವಾಲ್ವ್ ಮುಚ್ಚಿದೆ ಎಂದು ಹೇಳಿದ್ದನ್ನು ನಾವೂ ಜಾಲರಿಯ ಈಚೆಯಿಂದ ಕೇಳಿದ್ದೆವು.

"ನಾನು ಗೇಟಿನ ಹತ್ತಿರ ಇದ್ದೆ," ಎಂದಳು ಲೋಲಾಕ್ಷಿ.

"ಯಾವ ಗೇಟು?"

"ನಿಮ್ಮ ಕಂಪನಿ ಗೇಟು. ಸದ್ದು ಕೇಳಿದ್ದೇ ಓಡಿ ಬಂದೆ, ಚಪ್ಪಲಿ ಸಹ ಹಾಕ್ಲಿಲ್ಲ. ನೀವು ಹೊರಗೆ ಬಂದದ್ದು ಕಂಡಿತು. ನಾನು ಅಲ್ಲಿ ನಿಂತದ್ದು ನೋಡಿದ್ರೆ ನಿಮಗೆ ಗಾಬರಿ ಆಗ್ತದೆ ಅಂತ ಹಾಗೇ ಮನೆಗೆ ಓಡಿದೆ. ಕಾಲಿಗೆ ಗಾಜು ಚುಚ್ಚಿತ್ತು. ತೆಗೆದು ಚಹಾಕ್ಕೆ ಇಟ್ಟೆ."

ಅವರು ಅವಳ ಪಾದ ಹಿಡಿದುಕೊಂಡು ನೋಡಿದರು. ಇಷ್ಟು ವರ್ಷದ ಮೇಲೆ ಅಲ್ಲಿ ಏನು ಕಾಣುತ್ತದೆ? ಆದರೂ ಬಹಳ ಹೊತ್ತು ನೋಡುತ್ತಿದ್ದರು. ನಾನು ಒಣಗಿದ ಬಟ್ಟೆ ಹಿಡಿದು ಒಳಗೆ ಹೋಗಿ ಅತ್ತೆ.

ಬರುಬರುತ್ತಾ ಅವಳ ಮಾತು ಮನೆಯ ಕಡೆ ತಿರುಗಿತು. ಮಿಕ್ಸಿಯ ಸಣ್ಣ ಜಾರು ಒತ್ತಿ ಹಿಡಿಯದಿದ್ದರೆ ತಿರುಗುವುದಿಲ್ಲ. ಕುಚ್ಚಲಕ್ಕಿಯನ್ನು ಥಾಣೆಯ ಆ ಅಂಗಡಿಯಿಂದಲೇ ತರಬೇಕು. ಬೈದರೆ ಅನುಷ್ಕಾ ಉಣ್ಣುವುದಿಲ್ಲ, ಬೈಯುವುದಿದ್ದರೆ ಉಂಡ ಮೇಲೆ ಬೈಯಿರಿ. ಚಾರ್ಜು ಕೊಡುತ್ತಿದ್ದಾಳೆಂದು ನನಗೆ ತಿಳಿಯಿತು. ವಸಂತಕುಮಾರರಿಗೆ ನನಗಿಂತ ಮೊದಲೇ ತಿಳಿದಿತ್ತು.

ಅವಳಿಗೆ ನೋವು ತಡೆಯಲಾಗುತ್ತಿರಲಿಲ್ಲ. ಒಂದು ಸಂಜೆ ಎಲ್ಲ ಹೇಳಿ, "ಮುಗಿಯಿತು. ದಾಲ ಇಜ್ಜಿ. ಇನ್ನು ತಗೊಳ್ಳಿ," ಎಂದಳು. ಅವರು ತಗೊಂಡೆ ಎನ್ನಲಿಲ್ಲ. "ಇಲ್ಲ ಇಲ್ಲ, ಇನ್ನೂ ಉಂಟು, ನೆನಪು ಮಾಡು," ಎಂದರು. ಮರುದಿನವೂ ಹಾಗೇ. ಅದರ ಮರುದಿನವೂ. ಅವಳು ಏದುಸಿರು ಬಿಡುತ್ತಾ ಏನಾದರೊಂದು ಹುಡುಕಿ ಹೇಳುವಳು: ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಅಕ್ಕನ ಮಗಳಿಗೆ ಕೊಡಬೇಕೆಂದಿದ್ದ ಸೀರೆ. ಕೇಳಿ ಕೇಳಿ ನನಗೆ ರೇಗಿತು. ನೋಯುವವಳನ್ನು ಹೀಗೆ ಕೂರಿಸಿಕೊಂಡು ಏನು ಸಿಗುತ್ತದೆ ಈ ಮನುಷ್ಯನಿಗೆ? ಜಾಲರಿಯ ಈಚೆಯಿಂದ ಹೇಳಿಯೇ ಬಿಡುತ್ತಿದ್ದೆ, ಅಷ್ಟರಲ್ಲಿ ಅನುಷ್ಕಾ ಆಫೀಸಿನ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು, ತುಳುವಿನಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ.

"ಪಪ್ಪಾ, ಬಸ್ ಕರೋ ನಾ. ಮಮ್ಮಿ ಥಕ್ ಗಯೀ ಹೈ."

ಅಮ್ಮನಿಗೆ ಸಾಕಾಗಿದೆ, ಬಿಡು ಎನ್ನುತ್ತಿದ್ದಾಳೆ ಮಗಳು. ವಸಂತಕುಮಾರರು ಲೋಲಾಕ್ಷಿಯ ಮುಖ ನೋಡಿದರು. ಅವಳು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಳು, ಪಾಳಿ ಮುಗಿದರೂ ಮುಂದಿನವನು ಬಾರದೆ ಕೂತವರ ಹಾಗೆ.

"ಬೊಕ್ಕ ದಾಲ ಉಂಡಾ?" ಎಂದರು.

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವರು ಹೊದಿಕೆಯನ್ನು ಅವಳ ಎದೆಯವರೆಗೆ ಎಳೆದರು. "ಸರಿ ಲೋಲಾ. ಚಾರ್ಜು ತಗೊಂಡೆ," ಎಂದರು.

ಅವಳು ಕಣ್ಣು ಮುಚ್ಚಿದಳು. ಬೆಳಗಾಗುವ ಮೊದಲೇ ಹೋದಳು.

ವರ್ಷಾಂತಿಕವೂ ಕಳೆಯಿತು. ಗ್ಯಾಲರಿಯಲ್ಲಿ ಈಗಲೂ ಸಂಜೆ ದೀಪದ ಹೊತ್ತಿಗೆ ಚಹಾ ಬರುತ್ತದೆ, ಮಾಡುವವರು ವಸಂತಕುಮಾರರು. ಕುರ್ಚಿಯಲ್ಲಿ ಅವರು ಕೂರುವುದಿಲ್ಲ, ಅವಳ ಮಣೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಕುರ್ಚಿ ಅನುಷ್ಕಾಳಿಗೆ. ಮೊನ್ನೆ ಅವಳು ಮುಖ ಬಾಡಿಸಿಕೊಂಡು ಬಂದಿದ್ದಳು. ಏನೋ ಒಂದಿಷ್ಟು ಆಫೀಸಿನ ಸುದ್ದಿ ಹೇಳಿ ಸುಮ್ಮನಾದಳು.

"ಬೊಕ್ಕ ದಾಲ ಉಂಡಾ?"

"ದಾಲ ಇಜ್ಜಿ, ಪಪ್ಪಾ." ಹಿಂದಿಯಲ್ಲಲ್ಲ, ತುಳುವಿನಲ್ಲೇ, ಅಮ್ಮನದೇ ರಾಗದಲ್ಲಿ. ಹೇಳಿ, ಕುಕ್ಕರ್ ಇಡಲು ಎದ್ದಳು.

ಅವರು ಅವಳ ಕೈ ಹಿಡಿದರು. "ಕೂತ್ಕೊ ಮಗಾ," ಎಂದರು. "ಅನ್ನ ಆಮೇಲೆ ಆಗ್ತದೆ. ಹೇಳು."