ಬಿಕ್ಕಳಿಸುವ ಕೊರಳಿಗೆ ಕತ್ತಿ ಇಡದ ರವಿ

ಬೆಳಗಿನ ಆರು ಗಂಟೆ. ಸೊರಬ ಬಸ್ ನಿಲ್ದಾಣದ ಹಿಂದಿನ ಕಟಿಂಗ್ ಶಾಪಿನಲ್ಲಿ ಮೇಷ್ಟ್ರೊಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾರೆ, ಶಿಕಾರಿಪುರದ ಬಸ್ಸು ಹಿಡಿಯಬೇಕು. ಕತ್ತಿ ಇನ್ನೇನು ಕೆನ್ನೆಗೆ ತಾಗಬೇಕು, ಅಷ್ಟರಲ್ಲಿ ಬಿಕ್ಕಳಿಕೆ. ರವಿ ಕತ್ತಿ ಮಡಚಿ ಪಕ್ಕಕ್ಕಿಡುತ್ತಾರೆ. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಾರೆ, ಹತ್ತು ಎಣಿಸುವ ತನಕ ಉಸಿರು ಹಿಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಂದು ಚಮಚ ಸಕ್ಕರೆ. ಮೇಷ್ಟ್ರಿಗೆ ಬಸ್ಸಿನ ಚಿಂತೆ, ರವಿಗೆ ಮೇಷ್ಟ್ರ ಕೊರಳಿನ ಚಿಂತೆ.

ಐವತ್ತೆರಡರ ರವಿ ಅಪ್ಪನಿಂದ ಕಸುಬು ಕಲಿತವರು. ದಿನಕ್ಕೆ ಇಪ್ಪತ್ತೈದು ಗಡ್ಡ, ಹದಿನೈದು ತಲೆ. ಭಾನುವಾರ ಅದರ ಎರಡರಷ್ಟು. ನಿಂತೂ ನಿಂತೂ ಸೊಂಟ ಹಿಡಿದಿದೆ. ಇಷ್ಟಾದರೂ ಊರಲ್ಲಿ ಅವರ ಹೆಸರು ಬಲ್ಲವರು ಕಡಿಮೆಯೇ ಇದ್ದರು.

ಹೋದ ವರ್ಷ ಒಂದು ಗುರುವಾರ ಕುಪ್ಪಗಡ್ಡೆಯ ರೈತ ಬೆನಕಪ್ಪ ಗಡ್ಡಕ್ಕೆ ಬಂದರು. ಬಿಕ್ಕಳಿಕೆ ನಿಲ್ಲಲೇ ಇಲ್ಲ, ರವಿ ಗಡ್ಡ ಮುಟ್ಟದೆ ಹಾಗೇ ಕಳಿಸಿದರು. ಭಾನುವಾರ ಬೆನಕಪ್ಪನವರ ಮಗಳ ನಿಶ್ಚಿತಾರ್ಥ. ಬೆಳ್ಳಂಬೆಳಿಗ್ಗೆ ಮತ್ತೆ ಬಂದರು, ಬಿಕ್ಕಳಿಸುತ್ತಲೇ. ಯಾರು ನೆನೆಸುತ್ತಿದ್ದಾರೋ ಎಂದು ಹೆಂಡತಿ ಹಾಲಮ್ಮ ಮನೆಯಲ್ಲಿ ನೆಂಟರ ಹೆಸರನ್ನೆಲ್ಲ ಹೇಳಿ ಮುಗಿಸಿದ್ದರು. ಬೀಗರಾಗುವವರ ಹೆಸರೂ ಆಗಿತ್ತು.

"ನಾಲ್ಕ್ ದಿನ ಬಿಡ್ದೆ ನೆನೆಸೋ ನೆಂಟ್ರು ಯಾರ್ಗಿದಾರೆ ಹೇಳ್ರೀ? ಗಡ್ಡ ತೆಗೆಯಲ್ಲ, ಗಾಡಿ ಹತ್ತಿ ಅಂದೆ" ಎನ್ನುತ್ತಾರೆ ರವಿ.

ಶುಭಕಾರ್ಯಕ್ಕೆ ಹೊರಟವರಿಗೆ ಹಾಗೆನ್ನುವುದು ಸಣ್ಣ ಮಾತಲ್ಲ. ಬೆನಕಪ್ಪ ಬಾಯಿಗೆ ಬಂದಂತೆ ಬೈದರು, ಕಾದಿದ್ದ ಗಿರಾಕಿಗಳೂ ಗೊಣಗಿದರು. ರವಿ ಬಾಗಿಲೆಳೆದು, ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿಯೇಬಿಟ್ಟರು.

ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗಿದ್ದ ಮಾತ್ರೆಗಳು ಬೆನಕಪ್ಪನವರ ಕಿಡ್ನಿಗೆ ಪೆಟ್ಟು ಕೊಟ್ಟಿದ್ದವು, ಬಿಕ್ಕಳಿಕೆ ಅದರದೇ ಸೂಚನೆ. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಕುತ್ತಿತ್ತು ಎಂದರಂತೆ ಡಾಕ್ಟರು. ಎರಡು ದಿನ ದಾಟಿದ ಬಿಕ್ಕಳಿಕೆಯನ್ನು ಮನೆಮದ್ದಿಗೆ ಬಿಡಬಾರದು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಒಂದು ಗಳಿಗೆಯೂ ಕಾಯಬಾರದು ಎಂದೂ ಹೇಳಿದರು. ರವಿ ಈಗ ಅದನ್ನು ಪ್ರತಿ ಗಿರಾಕಿಗೂ ಒಪ್ಪಿಸುತ್ತಾರೆ, ಕೇಳಲಿ ಬಿಡಲಿ.

ಬೆನಕಪ್ಪ ಗೆದ್ದು ಬಂದರು. ಮುಂದಕ್ಕೆ ಹೋಗಿದ್ದ ನಿಶ್ಚಿತಾರ್ಥ ನಡೆದು, ಮಗಳ ಮದುವೆಯೂ ಆಯಿತು. ಮದುವೆಯ ಬೆಳಿಗ್ಗೆ ಅವರ ಗಡ್ಡ ತೆಗೆದವರು ರವಿಯೇ ಎಂದು ಕೇಳಿ ನನಗಂತೂ ಮನಸ್ಸು ತುಂಬಿ ಬಂತು. ದೊಡ್ಡ ಕೆಲಸ ಮಾಡಿದಿರಿ ಎಂದರೆ ಅವರು ಕುರ್ಚಿ ಒರೆಸುತ್ತ ನಗುತ್ತಾರೆ.

"ಮೂವತ್ತು ವರ್ಷದಿಂದ ಗಡ್ಡ ತೆಗೀತಿದೀನಿ, ಚಂದ ಆಯ್ತು ಅಂತ ಒಬ್ರೂ ಅಂದಿಲ್ಲ. ತೆಗೆಯಲ್ಲ ಅಂದಿದ್ದು ಒಂದೇ ಗಡ್ಡ. ತಾಲ್ಲೂಕೆಲ್ಲ ಅದನ್ನೇ ಹೇಳ್ತಾರ್ರೀ."