ನೀರೆಲ್ಲಿದೆ ಎಂದು ಕೇರಿಯನ್ನೇ ಕೇಳಿದ ಇಬು ಲಸ್ತ್ರಿನಿ

“ಬಾಂಗ್ ರೊಜಾಲಿ, ನಿಮ್ಮ ರೇಡಿಯೋದಲ್ಲಿ ಹೇಳಿದ್ರೆ ನೀವೊಬ್ರು ಕೇಳ್ತೀರಿ. ಇಬುಗೆ ಫೋಟೋ ಕಳ್ಸಿದ್ರೆ ಇಡೀ ಜಕಾರ್ತಾ ನೋಡುತ್ತೆ. ಬೇಜಾರು ಮಾಡ್ಕೋಬೇಡಿ, ಇನ್ನೊಂದು ತುಂಡು ತೆಂಪೆ ಹಾಕ್ಲಾ?”

ಗಂಡಸರನ್ನು ಅಲ್ಲಿ ಸಲಿಗೆಯಿಂದ ಕರೆಯುವ ‘ಬಾಂಗ್’ ಸೇರಿಸಿ ರಾವಾ ಜಂಬು ಕೇರಿಯ ಕರಿದ ತಿಂಡಿಯ ಗಾಡಿಯಾಕೆ ನಗುನಗುತ್ತಲೇ ಆಡಿದ ಮಾತಿದು. ಆದರೆ ರೊಜಾಲಿಯವರು ಸೋಯಾ ಕಾಳಿನ ತೆಂಪೆಯ ತಟ್ಟೆಯನ್ನು ಅತ್ತ ಸರಿಸಿದರು. ನೆರೆ ಠಾಣೆಯ ರೇಡಿಯೋ ಮುಂದೆ ಕೂತು ಚಿಲಿವುಂಗ್ ನದಿಯ ಮೇಲ್ಭಾಗದ ಅಣೆಕಟ್ಟೆಯಿಂದ ನೀರಿನ ಮಟ್ಟ ಕೇಳಿಕೊಂಡು ಕೇರಿಗೆಲ್ಲ ಸಾರುತ್ತಿದ್ದ ದನಿ ಅವರದು. ಅವರು “ಗಂಟುಮೂಟೆ ಕಟ್ಟಿ” ಎಂದರೆ ಕಟ್ಟುತ್ತಿದ್ದರು, “ಮಲಗಿ” ಎಂದರೆ ಮಲಗುತ್ತಿದ್ದರು. ಆ ದನಿಗೆ ಪಾಲುದಾರರು ಬಂದದ್ದು ಅವರಿಗೆ ಹೇಗೆ ಸಹಿಸೀತು?

ನೆರೆಯ ಸುದ್ದಿ ಕಚೇರಿಯಿಂದ ಊರಿಗೆ ಇಳಿಯತಕ್ಕದ್ದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಯಾರ ಹೊಸ್ತಿಲನ್ನು ನೀರು ದಾಟಿತೋ ಅವರೇ ಅದರ ಮೊದಲ ಸಾಕ್ಷಿಗಳೆಂದು ವಾದಿಸಿ, ವಾದಿಸಿದ್ದನ್ನು ಮಾಡಿಯೂ ತೋರಿಸಿದವರು ಈಗ ನಿವೃತ್ತರಾಗಿರುವ, ಎಲ್ಲರೂ ‘ಇಬು’ ಅಂದರೆ ‘ಅಮ್ಮ’ ಎಂದು ಕರೆಯುವ ಲಸ್ತ್ರಿನಿಯವರು. ನಕ್ಷೆ ವಿಭಾಗದಿಂದ ನೆರೆ ಠಾಣೆಗೆ ವರ್ಗವಾಗಿ ಬಂದ ಹೊಸತರಲ್ಲಿ ದೊಡ್ಡ ಕಾಗದವೊಂದನ್ನು ಸುರುಳಿ ಸುತ್ತಿಕೊಂಡು ಓಣಿ ಓಣಿ ತಿರುಗಿದರು, ಬಟ್ಟೆ ಒಗೆಯುವವರ ಪಕ್ಕದಲ್ಲೇ ಅದನ್ನು ಹಾಸಿ, “ನೀರು ಮೊದ್ಲು ಎಲ್ಲಿಂದ ನುಗ್ಗುತ್ತೆ? ನೀವೇ ಗೆರೆ ಎಳೀರಮ್ಮ” ಎಂದು ಪೆನ್ಸಿಲನ್ನು ಅವರ ಕೈಗೇ ಕೊಟ್ಟರು. ಮುಂದೆ ಎಲ್ಲರ ಕೈಗೂ ಫೋನು ಬಂದಾಗ ಆ ಕಾಗದವೇ ಪರದೆಯ ಮೇಲಿನ ನಕ್ಷೆಯಾಯಿತು. ನೀರು ಹಿಮ್ಮಡಿಗೋ, ಮೊಣಕಾಲಿಗೋ, ಸೊಂಟಕ್ಕೋ ಎಂದು ಒತ್ತಿ, ಒಂದು ಚಿತ್ರ ಕಳಿಸಿದರೆ ಸಾಕು, ಆ ಜಾಗದಲ್ಲೊಂದು ಚುಕ್ಕಿ ಹೊತ್ತಿಕೊಳ್ಳುತ್ತಿತ್ತು. ಚುಕ್ಕಿ ಕಳಿಸಿದವರನ್ನು ಇಬು ಮರೆಯುತ್ತಿರಲಿಲ್ಲ. ನೀರಿಳಿದ ಮೇಲೆ ಅವರ ಮನೆಗೆ ಹೋಗಿ ಕೆಸರು ಬಾಚಲು ಕೈಹಾಕುತ್ತಿದ್ದರು, ಕೊಟ್ಟ ಚಹಾ ಕುಡಿದೇ ಏಳುತ್ತಿದ್ದರು. ರೊಜಾಲಿಯವರ ರೇಡಿಯೋ ಕಂಬ ಗಾಳಿಗೆ ಮುರಿದುಬಿದ್ದಾಗ ಮೇಲಧಿಕಾರಿಗಳ ಬೆನ್ನುಬಿದ್ದು ಹೊಸದನ್ನು ಹಾಕಿಸಿದವರೂ ಅವರೇ. ಉಪಕಾರ ಮಾಡಿದ್ದಕ್ಕೆ ರೊಜಾಲಿಯವರ ಹೊಟ್ಟೆಯುರಿ ಇಮ್ಮಡಿಯಾಯಿತು. ಕೆಟ್ಟವರಾಗಿದ್ದರೆ ಬಯ್ದುಕೊಂಡಾದರೂ ಇರಬಹುದಿತ್ತಲ್ಲ!

ದೊಡ್ಡ ನೆರೆ ಬಂದ ಬೆಳಿಗ್ಗೆ ರೊಜಾಲಿಯವರಿಗೆ ಕುಟುಕುವ ಅವಕಾಶ ಸಿಕ್ಕಿತು. ರಾವಾ ಜಂಬುವಿನ ಚುಕ್ಕಿಗಳೆಲ್ಲ “ಮೊಣಕಾಲು” ಎನ್ನುತ್ತಿದ್ದವು. ಅದನ್ನು ನಂಬಿ ಜನರನ್ನು ಕರೆತರಲು ಹೋದ ಲಾರಿ ಓಣಿಯ ಬಾಯಲ್ಲೇ ನೀರು ಕುಡಿದು ನಿಂತಿತು.

“ನೋಡಿದ್ರಾ ಇಬು, ನಿಮ್ಮ ನಕ್ಷೆಗೆ ಮೊಣಕಾಲು ಯಾವ್ದು ಕುತ್ತಿಗೆ ಯಾವ್ದು ಗೊತ್ತಾಗಲ್ಲ,” ಎಂದರು ರೊಜಾಲಿ. ದನಿಯಲ್ಲಿ ಹಬ್ಬವಿತ್ತು.

“ತಪ್ಪಾಗಿದೆ ಬಾಂಗ್. ಹೇಳಿದವರನ್ನೇ ಕೇಳೋಣ ಬನ್ನಿ,” ಎಂದ ಇಬು ಎಲ್ಲಕ್ಕಿಂತ ಮೊದಲು ಹೊತ್ತಿದ್ದ ಚುಕ್ಕಿಯನ್ನು ಒತ್ತಿದರು. ಚಿತ್ರ ತೆರೆದುಕೊಂಡಿತು. ನೀರಿನಲ್ಲಿ ನಿಂತಿದ್ದ ಹಸಿರು ಬೀರು ರೊಜಾಲಿಯವರ ಮನೆಯದು! ಹೆಂಡತಿ ರುಕಿನಾ ಗಂಡನಿಗೆ ಒಂದು ಮಾತೂ ಹೇಳದೆ ಇಬುವಿಗೆ ಕಳಿಸಿದ್ದಳು.

“ಮ್ಪೋಕ್ ರುಕಿನಾ, ಮನೆ ಒಳಗೆ ನಿಂತಿದ್ದೀರಾ, ಓಣೀಲಾ?” ಆಕೆಯನ್ನು ‘ಅಕ್ಕ’ ಎಂದು ಕರೆದು ಇಬು ಫೋನಿನಲ್ಲಿ ಕೇಳಿದರು.

“ಒಳಗೇ ಇಬು. ಓಣೀಲಿ ನಿಂತಿದ್ರೆ ನಿಮ್ಹತ್ರ ಮೀನು ಮಾತಾಡ್ತಿತ್ತು!”

ಆಗ ಎಲ್ಲ ತಿಳಿಯಿತು. ಪ್ರತಿ ನೆರೆಯ ನಂತರ ಆ ಕೇರಿಯವರು ಒಡೆದ ಇಟ್ಟಿಗೆ ತುಂಬಿ ಮನೆಯ ನೆಲವನ್ನು ಎತ್ತರಿಸುತ್ತಾರೆ. ಓಣಿ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಎಲ್ಲರೂ ತಮ್ಮ ನೆಲದ ಮೇಲೆ ನಿಂತು ನಿಜವನ್ನೇ ಹೇಳಿದ್ದರು. ಇಬು ಲಾರಿಗಳನ್ನು ಬಿಟ್ಟು ರಬ್ಬರ್ ದೋಣಿಗಳನ್ನು ಕಳಿಸಿದರು, ಕೇರಿಗೆ ಕೇರಿಯೇ ಪಾರಾಯಿತು. ಅಂದಿನಿಂದ ಆ ನಕ್ಷೆ ಮಟ್ಟ ಕೇಳುವ ಮುಂಚೆ ನಿಂತ ಜಾಗ ಕೇಳುತ್ತದೆ. ತಪ್ಪನ್ನು ಯಾರ ತಲೆಗೂ ಕಟ್ಟದೆ ಅದರಿಂದಲೇ ಒಂದು ಪ್ರಶ್ನೆ ಹುಟ್ಟಿಸಿದ ದೊಡ್ಡತನ ಅವರದು. ರೊಜಾಲಿಯವರ ಮನಸ್ಸಿನಲ್ಲಿ ಉಳಿದದ್ದು ಬೇರೆ: ಕಟ್ಟಿಕೊಂಡವಳಿಗೂ ನನ್ನ ಮೇಲೆ ನಂಬಿಕೆಯಿಲ್ಲ.

ಬೀಳ್ಕೊಡುಗೆಯ ದಿನ ಪ್ರಾರ್ಥನೆ ಹೇಳುವ ಭಾರವನ್ನು ಇಬು ರೊಜಾಲಿಯವರಿಗೇ ವಹಿಸಿದರು. ರೊಜಾಲಿಯವರು ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯಲ್ಲಿ ಅಂಗೈ ಮೇಲೆತ್ತಿ, ಇಬು ಲಸ್ತ್ರಿನಿಯವರಿಗೆ ದೀರ್ಘಾಯುಷ್ಯವಾಗಲಿ, ಓಣಿ ತಿರುಗುವ ಕಾಲುಗಳಲ್ಲಿ ಕಸುವಿರಲಿ, ಅವರು ಇನ್ನೂ ಹಲವು ನದಿಗಳ ದಂಡೆಯಲ್ಲಿ ಕಾಗದ ಹಾಸುವಂತಾಗಲಿ ಎಂದು ಬೇಡಿಕೊಂಡರು. ದನಿ ತುಂಬಿ ಬಂದಿತ್ತು. ಆ ಬೇಡಿಕೆ ಅವರದ್ದೂ ಹೌದು, ನಮ್ಮೆಲ್ಲರದೂ ಹೌದು. ಆಮೇಲೆ ಅಲ್ಲಿಯ ರೂಢಿಯಂತೆ ಬೀಳ್ಕೊಡುಗೆ ಪಡೆಯುವವರು ಹಳದಿ ಅನ್ನದ ಗೋಪುರದ ತುದಿ ಕತ್ತರಿಸಬೇಕು, ತಾವು ಎಲ್ಲರಿಗಿಂತ ಹೆಚ್ಚು ಗೌರವಿಸುವವರಿಗೆ ಅದನ್ನು ಕೊಡಬೇಕು. ಪ್ರಾರ್ಥನೆ ಕೊಟ್ಟವರು ತುದಿಯನ್ನೂ ಕೊಟ್ಟಾರು ಎಂದು ರೊಜಾಲಿಯವರು ಅರ್ಧ ಎದ್ದೂ ಇದ್ದರು. ಇಬು ತಟ್ಟೆ ಹಿಡಿದು ಅವರನ್ನು ದಾಟಿ ಹೋಗಿ ರುಕಿನಾಳ ಕೈಗಿತ್ತರು: “ಮೊದಲ ಚುಕ್ಕಿ ಇವರದು.”

ಚಪ್ಪಾಳೆ ನಿಂತ ಮೇಲೆ ರುಕಿನಾ ಗಂಡನ ಪಕ್ಕ ಬಂದು ಕೂತಳು.

“ತಿನ್ನು, ತಿನ್ನು. ಮನೇಗೆ ನೀರು ಬಂದ್ರೆ ಗಂಡಂಗೆ ಹೇಳ್ದೆ ಇದ್ದಿದ್ದಕ್ಕೆ ಬಹುಮಾನ!”

“ಹೇಳಿದ್ರೆ ಏನ್ ಮಾಡ್ತಿದ್ರಿ?”

“ಓಡಿ ಬರ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ. ನಿಮ್ಗೆ ಈಜು ಬರುತ್ತಾ? ಆ ರೇಡಿಯೋ ಹತ್ರ ಇನ್ಯಾರು ಕೂರ್ತಿದ್ರು, ಬಾಂಗ್? ಪಕ್ಕದ್ಮನೆ ಅಜ್ಜಿ ಹತ್ರ ಫೋನೂ ಇಲ್ಲ, ನಿಮ್ಮ ದನೀನೇ ಕೇಳ್ಕೊಂಡು ಕೂತಿದ್ರು.”

ರೊಜಾಲಿಯವರು ಬೇರೆಲ್ಲೋ ನೋಡುತ್ತ ಕೈಚಾಚಿ ಅವಳ ತಟ್ಟೆಯಿಂದ ಚಿಟಿಕೆ ಹಳದಿ ಅನ್ನ ತೆಗೆದು ಬಾಯಿಗೆ ಹಾಕಿಕೊಂಡರು.